ಅಡ್ಡಹೆಸರು ಅರಸುಹೆಸರಾದ ಬಗೆ: ಮಿಲಾನಿನ ಸ್ಫೋರ್ತ್ಸಾ ಮನೆತನ

ಕನ್ನಡದಲ್ಲಿ ‘ಅಡ್ಡಹೆಸರು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಗೆಳೆಯರು ಸಲಿಗೆಯಿಂದಲೋ ಕುಚೋದ್ಯದಿಂದಲೋ ಒಬ್ಬನಿಗೆ ಇಟ್ಟು ಕರೆಯುವ ಹೆಸರು ಒಂದು. ತಂದೆ ತಾತಂದಿರಿಂದ ಇಳಿದು ಬಂದು ನಮ್ಮ ಹೆಸರಿನ ಬದಿಗೆ ನಿಲ್ಲುವ ಮನೆತನದ ಹೆಸರು ಇನ್ನೊಂದು. ಮೈಸೂರು ಕಡೆಯವರು ಮೊದಲನೆಯ ಅರ್ಥದಲ್ಲಿಯೂ, ಧಾರವಾಡ ವಿಜಾಪುರಗಳ ಕಡೆಯವರು ಎರಡನೆಯ ಅರ್ಥದಲ್ಲಿಯೂ ಈ ಮಾತನ್ನು ಹೆಚ್ಚಾಗಿ ಬಳಸುತ್ತಾರೆ. ಒಂದೇ ಮಾತಿನಲ್ಲಿ ಈ ಎರಡು ಅರ್ಥಗಳು ಸೇರಿದುದು ಅಕಸ್ಮಾತ್ತಲ್ಲ. ಒಬ್ಬನಿಗೆ ಇಟ್ಟ ಕುಚೋದ್ಯದ ಹೆಸರು ಅವನ ಮಕ್ಕಳಿಗೆ ಮನೆತನದ ಹೆಸರಾಗುವುದು ಲೋಕದಲ್ಲೆಲ್ಲ ನಡೆದು ಬಂದಿದೆ. ಹಾಗೆ ಹುಟ್ಟಿದ ಒಂದು ಹೆಸರು ಒಂದು ದೊಡ್ಡ ರಾಜ್ಯವನ್ನೇ ಆಳಿದ ಕಥೆ ಇಟಲಿ ದೇಶದ ಇತಿಹಾಸದಲ್ಲಿದೆ. ಅದನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ಈ ಕಥೆಯನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ನಮ್ಮ ಹಾಜರಿ ಪುಸ್ತಕವನ್ನು ತೆರೆದರೆ ಊರಿನ ಹೆಸರಿನವರು, ಕುಲಕರ್ಣಿ, ದೇಸಾಯಿ, ಪಾಟೀಲ ಎಂಬ ಅಧಿಕಾರದ ಹೆಸರಿನವರು, ಬಡಿಗೇರ, ಪತ್ತಾರ ಎಂಬ ಕಸುಬಿನ ಹೆಸರಿನವರು, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಹೆಸರಿನವರು ಸಾಲಾಗಿ ಕಾಣುತ್ತಾರೆ. ಮನೆತನದ ಹೆಸರೇ ಇಲ್ಲದೆ ಬಂದವರು ಈ ಮುಂಬಯಿ ನಗರದ ಅರ್ಜಿ ಕಾಗದಗಳಲ್ಲಿ ಖಾಲಿ ಇರುವ ಅಂಕಣವನ್ನು ತುಂಬಲು ತಂದೆಯ ಹೆಸರನ್ನೋ ಹುಟ್ಟಿದೂರಿನ ಹೆಸರನ್ನೋ ಹೊಸದಾಗಿ ಹಚ್ಚಿಕೊಳ್ಳುತ್ತಾರೆ. ತನ್ನ ಅಡ್ಡಹೆಸರನ್ನು ಗಟ್ಟಿಯಾಗಿ ಹೇಳಲು ನಾಚುವ ಹುಡುಗರುಂಟು. ಹಳೆಯದನ್ನು ತೆಗೆಸಿ ಗೌರವದ್ದೆಂದು ತೋರುವ ಬೇರೊಂದನ್ನು ಬರೆಯಿಸಲು ಬರುವ ಪಾಲಕರೂ ಉಂಟು. ಹೆಸರಿಗೆ ಗೌರವ ಎಲ್ಲಿಂದ ಬರುತ್ತದೆಂಬುದು ಆದಕಾರಣ ನಮಗೆ ಬರಿಯ ಪುಸ್ತಕದ ಪ್ರಶ್ನೆಯಲ್ಲ.

ಇಟಲಿಯ ಮನೆತನಗಳ ಹೆಸರುಗಳು ಹುಟ್ಟಿದ ಬಗೆಯನ್ನು ಮೊದಲು ಸ್ವಲ್ಪ ನೋಡೋಣ. ಅಲ್ಲಿಯೂ ಹೆಸರುಗಳು ಊರಿನಿಂದ, ಕಸುಬಿನಿಂದ, ತಂದೆಯ ಹೆಸರಿನಿಂದ, ಮೈಬಣ್ಣ ಮತ್ತು ನಡೆನುಡಿಗಳಿಂದ ಬಂದವು. ‘ರೊಸ್ಸಿ’ ಎಂದರೆ ಕೆಂಪನೆಯವರು. ಕೆಂಗೂದಲಿನ ಯಾವನೋ ಹಿರಿಯನ ನೆನಪು ಅದು. ‘ಫೆರ್ರಾರಿ’ ಎಂದರೆ ಕಮ್ಮಾರರು. ಫ್ಲಾರೆನ್ಸಿನ ಪ್ರಖ್ಯಾತ ‘ಮೆದಿಚಿ’ ಎಂಬ ಹೆಸರಿಗೆ ವೈದ್ಯರೆಂದು ಅರ್ಥ. ಆದರೆ ಇತಿಹಾಸದಲ್ಲಿ ನಾವು ಕಾಣುವ ಮೆದಿಚಿಗಳು ಲೇವಾದೇವಿಯವರು. ರೋಮಿನ ‘ಒರ್ಸಿನಿ’ ಎಂಬ ಹೆಸರಿನಲ್ಲಿ ಕರಡಿಯೆಂಬ ಅರ್ಥವಿದೆ. ವೆರೋನಾ ನಗರವನ್ನಾಳಿದ ‘ದೆಲ್ಲ ಸ್ಕಾಲಾ’ದವರ ಹೆಸರಿಗೆ ಏಣಿಯವರೆಂದು ಅರ್ಥ, ಅವರ ಲಾಂಛನವೂ ಏಣಿಯೇ. ರಿಮಿನಿಯನ್ನಾಳಿದ ‘ಮಲತೆಸ್ತಾ’ಗಳ ಹೆಸರನ್ನು ಬಿಡಿಸಿದರೆ ‘ಕೆಟ್ಟ ತಲೆ’ ಎಂದಾಗುತ್ತದೆ! ಆ ಹೆಸರನ್ನು ಹೊತ್ತವರು ನಾಚಿಕೊಂಡಂತೆ ಕಾಣುವುದಿಲ್ಲ. ಇಂತಹ ಹೆಸರುಗಳು ಹಲವು ಶತಮಾನಗಳ ಕಾಲ ಬದಲಾಗುತ್ತ ಅಲುಗುತ್ತ ಇದ್ದವು. 1563ರಲ್ಲಿ ಮುಗಿದ ಟ್ರೆಂಟ್ ನಗರದ ಧರ್ಮಸಭೆಯು ಪ್ರತಿಯೊಂದು ಚರ್ಚಿನಲ್ಲಿಯೂ ದೀಕ್ಷಾಸ್ನಾನ ಮತ್ತು ವಿವಾಹಗಳ ದಾಖಲೆಯನ್ನಿಡಬೇಕೆಂದು ವಿಧಿಸಿತು. ಅಂದಿನಿಂದ ಹೆಸರುಗಳು ಕಾಗದದ ಮೇಲೆ ಕುಳಿತು ಗಟ್ಟಿಯಾದವು.

ಇನ್ನು ನಮ್ಮ ಕಥೆ. ಇಟಲಿಯ ಈಶಾನ್ಯ ಭಾಗದಲ್ಲಿ ರೊಮಾನ್ಯಾ ಎಂಬ ಸೀಮೆಯುಂಟು. ಅಲ್ಲಿ ಕೊತಿನ್ಯೋಲಾ ಎಂಬುದೊಂದು ಸಣ್ಣ ಊರು. 1369ರಲ್ಲಿ ಆ ಊರಿನ ಅತ್ತೆಂದೋಲೋ ಎಂಬ ಮನೆತನದಲ್ಲಿ ಒಬ್ಬ ಹುಡುಗನು ಹುಟ್ಟಿದನು. ಜಾಕೊಮೋ ಎಂದು ಅವನಿಗೆ ಹೆಸರಿಟ್ಟರು. ಮನೆಯವರ ಬಾಯಲ್ಲಿ ಅದು ಮುದ್ದಿನಿಂದ ಜಾಕೊಮುತ್ಸೋ ಆಯಿತು. ಅದೂ ಮೊಟಕಾಗಿ ಮುತ್ಸಿಯೋ ಆಯಿತು. ನಮ್ಮಲ್ಲಿ ವೆಂಕಟೇಶನು ವೆಂಕಪ್ಪನೂ ವೆಂಕ್ಯಾನೂ ಆಗುವಂತೆ.

ಈ ಮುತ್ಸಿಯೋ ಸಿಪಾಯಿಯಾದುದರ ಬಗ್ಗೆ ಪ್ರಸಿದ್ಧವಾದ ಕಥೆಯೊಂದಿದೆ. ಅವನು ಹೊಲದಲ್ಲಿ ಅಗೆಯುತ್ತಿದ್ದಾಗ ಕೂಲಿಸೈನ್ಯದ ಕೆಲವರು ಆ ದಾರಿಯಲ್ಲಿ ಬಂದು ತಮ್ಮೊಡನೆ ಬರುವೆಯಾ ಎಂದು ಕೇಳಿದರಂತೆ. ಹುಡುಗನು ಕೈಯಲ್ಲಿದ್ದ ಗುದ್ದಲಿಯನ್ನು ಓಕ್ ಮರದ ಕಡೆಗೆ ಎಸೆದು, ಅದು ಕೆಳಗೆ ಬಿದ್ದರೆ ಹೊಲದಲ್ಲಿಯೇ ಉಳಿಯುವೆನೆಂದೂ ಮರದಲ್ಲಿ ಸಿಕ್ಕಿಕೊಂಡರೆ ಯುದ್ಧಕ್ಕೆ ಹೋಗುವೆನೆಂದೂ ಗೊತ್ತುಮಾಡಿಕೊಂಡನಂತೆ. ಗುದ್ದಲಿ ಮರದಲ್ಲಿ ನಿಂತಿತು. ಕೆಲವರು ಗುದ್ದಲಿಯಲ್ಲ, ಕೊಡಲಿ ಎನ್ನುತ್ತಾರೆ. ಕಥೆ ಸೊಗಸಾಗಿದೆ. ಆದರೆ ವಿದ್ಯಾರ್ಥಿಗಳು ಇದನ್ನು ಕಥೆಯೆಂದೇ ತಿಳಿಯತಕ್ಕದ್ದು. ಅತ್ತೆಂದೋಲೋ ಮನೆಯವರು ಬಡ ಕೂಲಿಕಾರರಾಗಿರಲಿಲ್ಲ. ಜಮೀನು ಜಾನುವಾರು ಉಳ್ಳವರು, ನೆರೆಯ ಮನೆತನದೊಡನೆ ಆಯುಧ ಹಿಡಿದು ಕಾದಾಡುವಷ್ಟು ಗಟ್ಟಿಗರು. ಇಂತಹ ಕಥೆಗಳು ಬೆಳೆಯುವ ರೀತಿಯೇ ವಿಚಿತ್ರ. ಮೊಮ್ಮಕ್ಕಳು ಅರಸರಾದ ಮೇಲೆ ಅವರನ್ನು ಹೊಗಳುವವರು ‘ನೋಡಿರಿ, ಗುದ್ದಲಿಯಿಂದ ಸಿಂಹಾಸನಕ್ಕೆ’ ಎಂದರು. ಹಳಿಯುವವರು ‘ನೋಡಿರಿ, ಗುದ್ದಲಿಯವನ ಮೊಮ್ಮಗ’ ಎಂದರು. ಎರಡು ಪಕ್ಷದವರಿಗೂ ಆ ಗುದ್ದಲಿ ಬೇಕಾಗಿತ್ತು.

ಆ ಕಾಲದ ಇಟಲಿ ಒಂದು ದೇಶವಾಗಿರಲಿಲ್ಲ. ಮಿಲಾನ್, ವೆನಿಸ್, ಫ್ಲಾರೆನ್ಸ್, ನೇಪಲ್ಸ್, ಪೋಪರ ಸೀಮೆ ಹೀಗೆ ಹಲವು ರಾಜ್ಯಗಳು. ಅವುಗಳ ನಡುವೆ ಸದಾ ಕಲಹ. ಕಾದಾಡುವುದಕ್ಕೆ ಅವರು ಹಣ ಕೊಟ್ಟು ಸೈನ್ಯವನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. ಇಷ್ಟು ಕುದುರೆ, ಇಷ್ಟು ತಿಂಗಳು, ಇಷ್ಟು ಹಣ ಎಂದು ಬರೆದ ಕರಾರು ಪತ್ರಕ್ಕೆ ‘ಕೊಂದೊತ್ತಾ’ ಎಂದು ಹೆಸರು. ಅದನ್ನು ಮಾಡಿಕೊಂಡ ದಳಪತಿಯು ‘ಕೊಂದೊತ್ತಿಯೇರೆ’. ಅವಧಿ ಮುಗಿದರೆ ನಿನ್ನೆಯ ಶತ್ರುವಿನ ಕಡೆಗೆ ಇಂದು ದುಡಿಯುವುದು ಅಂಥವರಿಗೆ ಅಪಮಾನವಾಗಿರಲಿಲ್ಲ. ಇಂಥ ದಳಪತಿಗಳಲ್ಲಿ ಅಡ್ಡಹೆಸರುಗಳ ಬಳಕೆ ಬಹಳ. ನಾರ್ನಿಯ ಎರಾಸ್ಮೋ ಎಂಬಾತನನ್ನು ‘ಗತ್ತಮೆಲಾತಾ’, ಎಂದರೆ ಜೇನು ಸವರಿದ ಬೆಕ್ಕು ಎಂದು ಕರೆದರು. ಪಾದುವಾ ನಗರದಲ್ಲಿ ದೊನತೆಲ್ಲೋ ಮಾಡಿದ ಆತನ ಕಂಚಿನ ಪ್ರತಿಮೆ ಇಂದಿಗೂ ನಿಂತಿದೆ. ಅದನ್ನು ಜನರು ಗುರುತಿಸುವುದು ಬೆಕ್ಕಿನ ಹೆಸರಿನಿಂದಲೇ.

ಮುತ್ಸಿಯೋ ಸೇರಿದುದು ಆಲ್ಬೆರಿಕೋ ದ ಬಾರ್ಬಿಯಾನೋ ಎಂಬ ಹೆಸರಾಂತ ದಳಪತಿಯ ಪಾಳೆಯವನ್ನು. ಅಡ್ಡಹೆಸರನ್ನಿಟ್ಟವನೂ ಆತನೇ ಎಂದು ಪ್ರತೀತಿ. ಹುಡುಗನ ಮೈಬಲವನ್ನು ಮೆಚ್ಚಿ ಇಟ್ಟನೆಂದು ಕೆಲವರು; ಕೊಳ್ಳೆಯ ಪಾಲಿನ ಜಗಳದಲ್ಲಿ ದಳಪತಿಗೂ ಬಗ್ಗದೆ ನಿಂತ ಹಟವನ್ನು ಕಂಡು ಇಟ್ಟನೆಂದು ಇನ್ನು ಕೆಲವರು. ಇಟಲಿಯ ಭಾಷೆಯಲ್ಲಿ ‘ಸ್ಫೊರ್ತ್ಸಾರೆ’ ಎಂದರೆ ಬಲಾತ್ಕರಿಸು, ಬಲವನ್ನೆಲ್ಲ ಹಾಕು ಎಂದರ್ಥ. ‘ಸ್ಫೋರ್ತ್ಸಾ’ ಎಂಬ ಹೆಸರು ಅದರಿಂದ ಬಂದಿತು. (ಇಂಗ್ಲಿಷ್ ಪುಸ್ತಕಗಳನ್ನೋದಿದವರು ‘ಸ್ಫೋರ್ಜಾ’ ಎನ್ನುವುದುಂಟು. ನಮ್ಮ ‘ಸ್ಫೂರ್ತಿ’ ಶಬ್ದಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಕಿವಿಗೆ ಹತ್ತಿರವಾದುದೆಲ್ಲ ಬೇರಿಗೆ ಹತ್ತಿರವಲ್ಲ.) ಇದನ್ನು ನಮ್ಮ ಶಾಸನಗಳಲ್ಲಿ ಬರುವ ಬಿರುದುಗಳೊಡನೆಯೂ ಹೋಲಿಸಬಾರದು. ಬಿರುದು ಅರಸನು ತಾನಾಗಿ ಸಾರಿಸಿಕೊಳ್ಳುವಂಥದು. ಇದು ಪಾಳೆಯದ ಬೆಂಕಿಯ ಸುತ್ತ ಕುಳಿತ ಸಿಪಾಯಿಗಳ ಬಾಯಿಯಲ್ಲಿ ಓಡಾಡಿದ ಹೆಸರು.

ಹೆಸರು ಬಂದ ಬಹುಕಾಲದ ಮೇಲೆ ಲಾಂಛನ ಬಂದಿತು. 1401ರಲ್ಲಿ ಜರ್ಮನಿಯ ಅರಸನಾದ ರೂಪ್ರೆಕ್ಟನು ಮುತ್ಸಿಯೋನಿಗೆ ಸಿಂಹದ ಲಾಂಛನವನ್ನಿತ್ತನು. ಆ ಸಿಂಹದ ಪಂಜದಲ್ಲಿ ಒಂದು ಹಣ್ಣಿದೆ. ಕ್ವಿನ್ಸ್ ಎಂದು ಇಂಗ್ಲಿಷಿನವರು ಕರೆಯುವ, ಮರಸೇಬಿನ ಜಾತಿಯ, ಹಳದಿ ಬಣ್ಣದ ಹಣ್ಣು ಅದು. ಇಟಲಿಯವರು ಅದನ್ನು ‘ಕೊತೋನ್ಯಾ’ ಎನ್ನುತ್ತಾರೆ. ಕೊತಿನ್ಯೋಲಾ ಎಂಬ ಊರಿನ ಹೆಸರಿನಲ್ಲಿ ಆ ಹಣ್ಣಿನ ದನಿ ಇದೆಯಷ್ಟೆ! ಹೀಗೆ ಹುಟ್ಟಿದೂರು ಸಿಂಹದ ಕೈಯಲ್ಲಿ ಹಣ್ಣಾಗಿ ಉಳಿಯಿತು.

ಮುತ್ಸಿಯೋನ ಅಂತ್ಯವು ಅವನ ಹೆಸರಿಗೆ ಒಪ್ಪುವಂತಹುದು. 1424ರ ಜನವರಿಯಲ್ಲಿ ಅವನು ನೇಪಲ್ಸಿನ ರಾಣಿ ಎರಡನೆಯ ಜೊವಾನ್ನಾಳ ಪರವಾಗಿ, ತನ್ನ ಹಳೆಯ ಸ್ಪರ್ಧಿಯಾದ ಬ್ರಾಚ್ಚೋ ಎಂಬ ದಳಪತಿಯ ಮೇಲೆ ದಂಡೆತ್ತಿ ಹೋಗುತ್ತಿದ್ದನು. ಪೆಸ್ಕಾರಾ ನದಿಯು ಸಮುದ್ರವನ್ನು ಸೇರುವ ಎಡೆಯಲ್ಲಿ ಸೈನ್ಯವು ದಾಟುತ್ತಿದ್ದಾಗ ಅವನ ಸೇವಕ ಹುಡುಗನೊಬ್ಬನು ಸೆಳವಿಗೆ ಸಿಕ್ಕಿದನು. ಹುಡುಗನನ್ನು ಎಳೆದುಕೊಳ್ಳಲು ಮುತ್ಸಿಯೋ ಬಾಗಿದನು. ಕುದುರೆಯ ಕಾಲು ಜಾರಿತು. ಕಬ್ಬಿಣದ ಕವಚ ತೊಟ್ಟಿದ್ದ ದಳಪತಿ ಮುಳುಗಿಹೋದನು. ಅವನ ಶವವು ದೊರೆಯಲೇ ಇಲ್ಲ. ದೊರೆತುದು ಹೆಸರು ಮಾತ್ರ. ರಾಣಿಯು ಅವನ ಮಗನಾದ ಫ್ರಾಂಚೆಸ್ಕೋನಿಗೆ ತಂದೆಯ ಉಂಬಳಿಗಳನ್ನು ಸ್ಥಿರಪಡಿಸಿ, ತಂದೆಯ ಸ್ಮರಣೆಗಾಗಿ ಸ್ಫೋರ್ತ್ಸಾ ಎಂಬುದನ್ನೇ ಮನೆತನದ ಹೆಸರಾಗಿ ಧರಿಸಬೇಕೆಂದು ಆಜ್ಞಾಪಿಸಿದಳೆಂದು ಹೇಳುತ್ತಾರೆ. ಅತ್ತೆಂದೋಲೋ ಎಂಬ ಹಳೆಯ ಹೆಸರು ಈ ಶಾಖೆಯಲ್ಲಿ ಹಿಂದೆ ಸರಿಯಿತು. ನಮ್ಮ ‘ಅಡ್ಡಹೆಸರು’ ಮೊದಲನೆಯ ಅರ್ಥದಿಂದ ಎರಡನೆಯ ಅರ್ಥಕ್ಕೆ ದಾಟಿದುದು ಈ ಘಳಿಗೆಯಲ್ಲಿ.

ಫ್ರಾಂಚೆಸ್ಕೋ 1401ರಲ್ಲಿ ಹುಟ್ಟಿದವನು. ತಂದೆತಾಯಿಗಳಿಗೆ ವಿವಾಹವಾಗಿರಲಿಲ್ಲ. ತಂದೆಗಿಂತ ಮಿಗಿಲಾದ ದಳಪತಿಯೆಂದು ಹೆಸರು ಪಡೆದನು. ಅವನ ಕಣ್ಣು ಬಿದ್ದುದು ಮಿಲಾನಿನ ಮೇಲೆ. ಆ ರಾಜ್ಯವನ್ನು ಆಗ ಆಳುತ್ತಿದ್ದವರು ವಿಸ್ಕೊಂತಿ ಮನೆತನದವರು. ಈ ಹೆಸರು ಲ್ಯಾಟಿನ್ನಿನ ‘ವಿಕೆಕೋಮೆಸ್’ ಎಂಬುದರಿಂದ ಬಂದದ್ದು. ‘ಕೌಂಟ’ನೆಂಬ ಅಧಿಕಾರಿಯ ಪ್ರತಿನಿಧಿ ಎಂದು ಅರ್ಥ. ಅಂದರೆ ನಮ್ಮ ದೇಸಾಯಿ, ಪಾಟೀಲರಂತೆ ಅಧಿಕಾರದಿಂದ ಹುಟ್ಟಿದ ಹೆಸರು. ಅವರ ಲಾಂಛನವು ಬಾಯಲ್ಲಿ ಮನುಷ್ಯನನ್ನು ಹಿಡಿದ ಹಾವು. ಆಲ್ಫಾ ರೋಮಿಯೋ ಎಂಬ ಮೋಟಾರುಗಾಡಿಯ ಮುಂಭಾಗದ ಬಿಲ್ಲೆಯನ್ನು ನೋಡಿದವರಿಗೆ ಆ ಹಾವಿನ ಪರಿಚಯ ಇದ್ದೇ ಇರುತ್ತದೆ. ಮಿಲಾನಿನಲ್ಲಿ ಹುಟ್ಟಿದ ಗಾಡಿಯಾದುದರಿಂದ ಊರಿನ ಹಳೆಯ ಗುರುತನ್ನು ಧರಿಸಿದೆ.

ಕೊನೆಯ ವಿಸ್ಕೊಂತಿ ಡ್ಯೂಕನಾದ ಫಿಲಿಪ್ಪೋ ಮರಿಯಾನಿಗೆ ಗಂಡು ಸಂತಾನವಿರಲಿಲ್ಲ. ಬಿಯಾಂಕಾ ಮರಿಯಾ ಎಂಬ ಒಬ್ಬಳೇ ಮಗಳು. ಅವಳೂ ವಿವಾಹದ ಹೊರಗೆ ಹುಟ್ಟಿದವಳು. ಡ್ಯೂಕನು ಅವಳನ್ನು ಫ್ರಾಂಚೆಸ್ಕೋನಿಗೆ ಕೊಡುವೆನೆಂದು ಆಸೆ ತೋರಿಸುತ್ತ, ಹಿಂದೆಗೆಯುತ್ತ, ಹತ್ತು ವರ್ಷಗಳ ಕಾಲ ಎಳೆದಾಡಿದನು. ಕಡೆಗೆ 1441ರಲ್ಲಿ ಕ್ರೆಮೋನಾದಲ್ಲಿ ಮದುವೆ ನಡೆಯಿತು. ವರನಿಗೆ ನಲವತ್ತು, ವಧುವಿಗೆ ಹದಿನಾರು. 1447ರಲ್ಲಿ ಡ್ಯೂಕನು ತೀರಿಕೊಂಡಾಗ ಮಿಲಾನಿನ ನಾಗರಿಕರು ತಮಗೆ ಅರಸನೇ ಬೇಡವೆಂದು ಪ್ರಜಾಪ್ರಭುತ್ವವನ್ನು ಸಾರಿದರು. ಊರಿನ ಪೂಜ್ಯ ಸಂತನಾದ ಆಂಬ್ರೋಸನ ಹೆಸರನ್ನು ಅದಕ್ಕಿಟ್ಟರು. ವೆನಿಸಿನವರು ಮೇಲೆ ಬಿದ್ದಾಗ ತಮ್ಮ ರಕ್ಷಣೆಗೆ ಅವರು ಗೊತ್ತುಮಾಡಿಕೊಂಡುದು ಈ ಅಳಿಯನನ್ನೇ! ಅವನು ಮೊದಲು ಅವರ ಪರವಾಗಿ ಗೆದ್ದನು. 1448ರಲ್ಲಿ ವೆನಿಸಿನವರೊಡನೆ ಒಪ್ಪಂದ ಮಾಡಿಕೊಂಡು ತಾನು ಕಾಯಬೇಕಾಗಿದ್ದ ನಗರಕ್ಕೇ ಮುತ್ತಿಗೆ ಹಾಕಿದನು. ಇದು ದ್ರೋಹವೇ ಸರಿ. ಇತಿಹಾಸಕಾರರು ಎಷ್ಟು ಬಣ್ಣ ಹಚ್ಚಿದರೂ ಬೇರೆ ಹೆಸರು ಅದಕ್ಕೆ ಒಪ್ಪುವುದಿಲ್ಲ. ನಗರದೊಳಗೆ ಕಾಳು ಮುಗಿಯಿತು. 1450ರ ಫೆಬ್ರವರಿಯಲ್ಲಿ ಹಸಿದ ಜನರು ತಮ್ಮ ಆಡಳಿತಗಾರರ ಮೇಲೆಯೇ ತಿರುಗಿಬಿದ್ದು ಬಾಗಿಲು ತೆರೆದರು. ಫ್ರಾಂಚೆಸ್ಕೋನ ಸಿಪಾಯಿಗಳು ರೊಟ್ಟಿಗಳನ್ನು ಹೊತ್ತುಕೊಂಡು ಒಳಹೊಕ್ಕರು. ಕತ್ತಿಯಿಂದ ತೆಗೆದ ಹಸಿವನ್ನು ರೊಟ್ಟಿಯಿಂದ ತುಂಬಿ ಅವನು ಡ್ಯೂಕನಾದನು.

ಇಲ್ಲಿ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಸೂಕ್ಷ್ಮವಾಗಿ ಗಮನಿಸಬೇಕು. ರಾಜ್ಯ ಕೈಗೆ ಬಂದರೂ ಹಕ್ಕು ಬಂದಿರಲಿಲ್ಲ. ಮಿಲಾನಿನ ಡ್ಯೂಕನೆಂದು ಪಟ್ಟ ಕೊಡುವ ಅಧಿಕಾರ ಜರ್ಮನಿಯ ಸಾಮ್ರಾಟನದು. ಮೂರನೆಯ ಫ್ರೆಡರಿಕ್ ಸಾಮ್ರಾಟನು ಫ್ರಾಂಚೆಸ್ಕೋನನ್ನು ಡ್ಯೂಕನೆಂದು ಒಪ್ಪಲೇ ಇಲ್ಲ. ‘ಬಲಾತ್ಕಾರ’ ಎಂಬ ಅರ್ಥದ ಹೆಸರನ್ನು ಹೊತ್ತು ಬಲಾತ್ಕಾರದಿಂದಲೇ ಗಳಿಸಿದ ರಾಜ್ಯಕ್ಕೆ ಮುಸುಕು ಬೇಕಾಗಿತ್ತು. ಆ ಮುಸುಕನ್ನು ಅವನು ಹೆಂಡತಿಯ ತವರಿನಿಂದ ತಂದನು. ಅವನ ನಾಣ್ಯಗಳ ಮೇಲೆ ಲ್ಯಾಟಿನ್ನಿನಲ್ಲಿ ‘ಫ್ರಾಂಚೆಸ್ಕೋ ಸ್ಫೋರ್ತ್ಸಾ ವಿಸ್ಕೊಂತಿ’ ಎಂಬ ಅರ್ಥ ಬರುವಂತೆ ಅಚ್ಚು ಹಾಕಿಸಿದನು. ಹಾವಿನ ಲಾಂಛನವನ್ನೂ ತನ್ನದಾಗಿ ಮಾಡಿಕೊಂಡನು. ಹೆಣ್ಣಿನ ಮನೆಯ ಹೆಸರು ಗಂಡನಿಗೆ ಬಂದ ವಿಚಿತ್ರ ಪ್ರಸಂಗವಿದು. ಹೊಸ ಹೆಸರಿನಲ್ಲಿ ಬಲವಿತ್ತು, ಹಳೆಯ ಹೆಸರಿನಲ್ಲಿ ಗೌರವವಿತ್ತು. ಎರಡನ್ನೂ ಹೊಲಿದು ಒಂದು ಮಾಡಿಕೊಂಡನು. ಈ ಹೊಲಿಗೆ ಮುಂದೆ ಎಲ್ಲಿ ಬಿಚ್ಚಿತೆಂಬುದನ್ನು ಕಾಣುವೆವು.

ಪಟ್ಟಕ್ಕೆ ಬಂದ ಬಗೆ ಹೇಗೇ ಇರಲಿ, ಆಳಿದುದು ಚೆನ್ನಾಗಿತ್ತೆಂದು ಹೇಳಲೇಬೇಕು. 1454ರ ಲೋದಿಯ ಒಪ್ಪಂದದಿಂದ ವೆನಿಸಿನೊಡನೆ ಯುದ್ಧ ನಿಂತಿತು. ಪ್ರಜಾಪ್ರಭುತ್ವದ ಕಾಲದಲ್ಲಿ ಜನರು ಕೆಡವಿದ್ದ ವಿಸ್ಕೊಂತಿಗಳ ಕೋಟೆಯನ್ನು ಅವನು ತಿರುಗಿ ಕಟ್ಟಿಸಿದನು. ಇಂದು ‘ಕಸ್ತೆಲ್ಲೋ ಸ್ಫೋರ್ತ್ಸೆಸ್ಕೋ’ ಎಂದು ಕರೆಯಿಸಿಕೊಂಡು ವಸ್ತುಸಂಗ್ರಹಾಲಯವಾಗಿರುವ ಕಟ್ಟಡ ಅದೇ. 1456ರಲ್ಲಿ ಡ್ಯೂಕನೂ ಬಿಯಾಂಕಾ ಮರಿಯಾಳೂ ಬಡರೋಗಿಗಳಿಗಾಗಿ ಒಂದು ಮಹಾ ಆಸ್ಪತ್ರೆಯನ್ನು ಪ್ರಾರಂಭಿಸಿದರು. ಫಿಲರೇತೆ ಎಂಬ ಶಿಲ್ಪಿಯು ಅದರ ನಕ್ಷೆಯನ್ನು ಮಾಡಿದನು. ಊರವರು ಅದನ್ನು ತಮ್ಮ ಆಡುಮಾತಿನಲ್ಲಿ ‘ಕಾ ಗ್ರಾಂದಾ’, ದೊಡ್ಡಮನೆ ಎಂದರು. ಶತಮಾನಗಳ ಕಾಲ ಆಸ್ಪತ್ರೆಯಾಗಿದ್ದ ಆ ದೊಡ್ಡಮನೆಯಲ್ಲಿ ಈಗ ಮಿಲಾನಿನ ವಿಶ್ವವಿದ್ಯಾಲಯವಿದೆ.

1466ರಲ್ಲಿ ಫ್ರಾಂಚೆಸ್ಕೋ ತೀರಿಕೊಂಡನು. ಅವನ ಮಗ ಗಲೆಯಾತ್ಸೋ ಮರಿಯಾ ಕ್ರೂರಿ. 1476ರ ಕ್ರಿಸ್‌ಮಸ್ಸಿನ ಮರುದಿನ ಸಂತ ಸ್ತೆಫಾನೋವಿನ ಚರ್ಚಿನಲ್ಲಿ ಮೂವರು ತರುಣರು ಅವನನ್ನು ಇರಿದು ಕೊಂದರು. ಆ ಮೂವರಲ್ಲಿ ಒಬ್ಬನ ಹೆಸರು ಕಾರ್ಲೋ ವಿಸ್ಕೊಂತಿ! ಪಟ್ಟವೇರಿದ ಬಾಲಕನಿಗೆ ಏಳು ವರ್ಷ. ಸ್ವಲ್ಪ ಕಾಲದಲ್ಲಿಯೇ ಆಡಳಿತವೆಲ್ಲ ಚಿಕ್ಕಪ್ಪನಾದ ಲುದೊವಿಕೋನ ಕೈಸೇರಿತು.

ಈ ಲುದೊವಿಕೋನಿಗೂ ಒಂದು ಅಡ್ಡಹೆಸರಿದೆ: ‘ಇಲ್ ಮೋರೋ’. ಮೈ ಕಪ್ಪಗಿದ್ದುದರಿಂದ ಬಂದಿತೆನ್ನುವವರೂ, ಅವನಿಗಿಟ್ಟಿದ್ದ ‘ಮೌರೋ’ ಎಂಬ ಇನ್ನೊಂದು ಹೆಸರಿನಿಂದ ಬಂದಿತೆನ್ನುವವರೂ ಇದ್ದಾರೆ. ‘ಮೋರೋ’ ಎಂಬುದಕ್ಕೆ ಹಿಪ್ಪುನೇರಳೆ ಗಿಡವೆಂಬ ಅರ್ಥವೂ ಉಂಟು. ರೇಷ್ಮೆ ಹುಳುವಿಗೆ ಎಲೆ ತಿನ್ನಿಸುವ ಆ ಗಿಡ ನಮ್ಮ ರಾಮನಗರ, ಕೋಲಾರಗಳ ಕಡೆಯ ಮಕ್ಕಳಿಗೆ ಪರಿಚಿತವೇ. ಲುದೊವಿಕೋನು ಈ ಶ್ಲೇಷೆಯನ್ನು ಬಿಡಲಿಲ್ಲ. ಹಿಪ್ಪುನೇರಳೆಯನ್ನು ತನ್ನ ಗುರುತನ್ನಾಗಿ ಮಾಡಿಕೊಂಡನು. 1482ರ ಸುಮಾರಿಗೆ ಮಿಲಾನಿಗೆ ಬಂದು ಅವನ ಆಶ್ರಯದಲ್ಲಿ ನಿಂತ ಲಿಯೊನಾರ್ಡೋ ದ ವಿಂಚಿಯು 1498ರಲ್ಲಿ ಕೋಟೆಯ ಒಂದು ದೊಡ್ಡ ಕೋಣೆಯ ಚಾವಣಿಯ ತುಂಬ ಹಿಪ್ಪುನೇರಳೆಯ ಕೊಂಬೆಗಳನ್ನು ಹೆಣೆದು ಚಿತ್ರಿಸಿದನು. ಒಬ್ಬನ ಅಡ್ಡಹೆಸರೇ ಚಾವಣಿಯಾಗಿ ಹರಡಿದೆ! ‘ಕಡೆಯ ಭೋಜನ’ವೆಂಬ ಜಗತ್ಪ್ರಸಿದ್ಧ ಚಿತ್ರವನ್ನು ಆತನು ಬರೆದುದೂ ಇದೇ ಒಡೆಯನಿಗಾಗಿ. ಫ್ರಾಂಚೆಸ್ಕೋನ ಸ್ಮಾರಕಕ್ಕೆಂದು ದೈತ್ಯಾಕಾರದ ಕುದುರೆಯೊಂದನ್ನೂ ಆತನು ಮಣ್ಣಿನಲ್ಲಿ ಮಾಡಿದ್ದನು. ಅದನ್ನು ಎರಕ ಹೊಯ್ಯಲು ಕೂಡಿಸಿದ್ದ ಕಂಚು 1494ರಲ್ಲಿ ತೋಪುಗಳಿಗೆ ಹೋಯಿತು.

ಅದೇ ವರ್ಷ ಬಾಲಕ ಡ್ಯೂಕನು ಇಪ್ಪತ್ತೈದರ ಹರೆಯದಲ್ಲಿ ಮಡಿದು, ಲುದೊವಿಕೋ ತಾನೇ ಡ್ಯೂಕನಾದನು. ಮ್ಯಾಕ್ಸಿಮಿಲಿಯನ್ ಸಾಮ್ರಾಟನಿಂದ ಹಕ್ಕುಪತ್ರವನ್ನೂ ಪಡೆದನು. ತಾತನು ಪೆಸ್ಕಾರಾದಲ್ಲಿ ಮುಳುಗಿ ಎಪ್ಪತ್ತು ವರ್ಷಗಳಾದ ಮೇಲೆ ಮನೆತನಕ್ಕೆ ಕಾಗದದ ಮೇಲಿನ ಹಕ್ಕು ಬಂದಿತು. ಐದೇ ವರ್ಷಗಳಲ್ಲಿ ರಾಜ್ಯವೇ ಹೋಯಿತು. 1499ರಲ್ಲಿ ಫ್ರಾನ್ಸಿನ ಹನ್ನೆರಡನೆಯ ಲೂಯಿ ದೊರೆಯು ದಂಡೆತ್ತಿ ಬಂದು, ಮಿಲಾನ್ ತನಗೆ ಸೇರಬೇಕಾದುದೆಂದನು. ಏಕೆ? ಅವನ ಅಜ್ಜಿಯ ಹೆಸರು ವಲೆಂತೀನಾ ವಿಸ್ಕೊಂತಿ. ವಿಸ್ಕೊಂತಿಯೆಂಬುದರಿಂದಲೇ ಹಕ್ಕು ಬರುವುದಾದರೆ, ವಿವಾಹದೊಳಗೆ ಹುಟ್ಟಿದ ಡ್ಯೂಕನ ಮಗಳ ಮೊಮ್ಮಗನ ಹಕ್ಕು ಬಿಯಾಂಕಾ ಮರಿಯಾಳ ಮಗನ ಹಕ್ಕಿಗಿಂತ ಗಟ್ಟಿಯಲ್ಲವೇ? ಎರವಲು ತಂದ ಹೆಸರಿಗೆ ನಿಜವಾದ ವಾರಸುದಾರನು ಬಂದು ಬಾಗಿಲಲ್ಲಿ ನಿಂತಂತಾಯಿತು. ಫ್ರೆಂಚ್ ಬಿಲ್ಲುಗಾರರು ಲಿಯೊನಾರ್ಡೋನ ಮಣ್ಣಿನ ಕುದುರೆಗೆ ಬಾಣ ಬಿಟ್ಟು ಹಾಳುಮಾಡಿದರು. 1500ರಲ್ಲಿ ಲುದೊವಿಕೋ ಸೆರೆಸಿಕ್ಕಿ, 1508ರಲ್ಲಿ ಫ್ರಾನ್ಸಿನ ಲೋಶ್ ಕೋಟೆಯಲ್ಲಿ ಸತ್ತನು. ಅವನ ಮಕ್ಕಳಿಬ್ಬರು ಪರರ ಸೈನ್ಯದ ನೆರಳಿನಲ್ಲಿ ಕೆಲಕಾಲ ಡ್ಯೂಕರಾಗಿದ್ದರು. ಕೊನೆಯವನಾದ ಎರಡನೆಯ ಫ್ರಾಂಚೆಸ್ಕೋ 1535ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ ಮಿಲಾನ್ ಐದನೆಯ ಚಾರ್ಲ್ಸ್ ಸಾಮ್ರಾಟನ ವಶವಾಯಿತು.

ಮನೆಯ ಹೆಣ್ಣುಮಕ್ಕಳನ್ನು ಬಿಟ್ಟರೆ ಕಥೆ ಅರ್ಧವಾಗುತ್ತದೆ. ಗಲೆಯಾತ್ಸೋವಿನ ಮಗಳು ಕತೆರೀನಾ ಸ್ಫೋರ್ತ್ಸಾ ಫೊರ್ಲಿ ನಗರದ ಒಡತಿ. 1488ರಲ್ಲಿ ಗಂಡನ ಕೊಲೆಯಾದ ಮೇಲೂ ಕೋಟೆಯನ್ನು ಹಿಡಿದು ನಿಂತಳು. ಚೆಸರೆ ಬೋರ್ಜಾನ ದಂಡಿಗೆ ಎದುರಾಗಿ ಹೋರಾಡಿ 1500ರ ಜನವರಿಯಲ್ಲಿ ಸೆರೆಯಾದಳು. ನಮ್ಮ ಕಿತ್ತೂರಿನ ಚೆನ್ನಮ್ಮನ ಕಥೆ ಕೇಳಿದ ಮಕ್ಕಳಿಗೆ ಅವಳ ಎದೆಗಾರಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವಳ ಮೊಮ್ಮಗನಾದ ಕೋಸಿಮೋ ಮೆದಿಚಿಯು 1569ರಲ್ಲಿ ಟಸ್ಕನಿಯ ಮಹಾ ಡ್ಯೂಕನಾದನು. ಬಾಲಕ ಡ್ಯೂಕನ ಮಗಳಾದ ಬೋನಾ 1518ರಲ್ಲಿ ಪೋಲೆಂಡಿನ ರಾಣಿಯಾದಳು. ಹೆಣ್ಣುಮಕ್ಕಳು ಹೋದಲ್ಲೆಲ್ಲ ರಕ್ತ ಹೋಯಿತು, ಹೆಸರು ಹೋಗಲಿಲ್ಲ.

ಹೆಸರು ಉಳಿದುದು ಬೇರೊಂದು ದಾರಿಯಲ್ಲಿ. ಮುತ್ಸಿಯೋನ ಇನ್ನೊಬ್ಬ ಮಗ ಬೋಸಿಯೋ, ಸಾಂತಾ ಫಿಯೋರಾ ಎಂಬ ಸೀಮೆಯ ಒಡತಿಯನ್ನು ಮದುವೆಯಾಗಿ ಅಲ್ಲಿ ನೆಲೆಸಿದನು. ಅವನ ವಂಶದವರು ಹದಿನೇಳನೆಯ ಶತಮಾನದಲ್ಲಿ ರೋಮಿನ ಚೆಸರೀನಿ ಮನೆಯ ಹೆಣ್ಣನ್ನು ತಂದು ‘ಸ್ಫೋರ್ತ್ಸಾ ಚೆಸರೀನಿ’ಗಳಾದರು. ಇಲ್ಲಿಯೂ ಹೆಂಡತಿಯ ಹೆಸರು ಬಂದು ಗಂಡನ ಹೆಸರಿನ ಬದಿಗೆ ಕುಳಿತಿತು! 1948ರ ಜನವರಿ 1ರಂದು ಜಾರಿಗೆ ಬಂದ ಇಟಲಿಯ ಗಣರಾಜ್ಯದ ಸಂವಿಧಾನವು ಡ್ಯೂಕ್, ಕೌಂಟ್ ಮುಂತಾದ ಪದವಿಗಳಿಗೆ ಮನ್ನಣೆಯಿಲ್ಲವೆಂದು ಸಾರಿತು. ಆದರೆ 1922ರ ಅಕ್ಟೋಬರ್ 28ಕ್ಕೆ ಮೊದಲೇ ಇದ್ದ ಪದವಿಗಳೊಡನೆ ಬರುತ್ತಿದ್ದ ಊರುಸೀಮೆಗಳ ಹೆಸರನ್ನು ವ್ಯಕ್ತಿಯ ಹೆಸರಿನ ಭಾಗವಾಗಿ ಇಟ್ಟುಕೊಳ್ಳಬಹುದೆಂದಿತು. ಕಾನೂನಿನ ದೃಷ್ಟಿಯಲ್ಲಿ ಇಟಲಿಯ ಡ್ಯೂಕನೂ ಕಮ್ಮಾರನೂ ಈಗ ಒಂದೇ ಬಗೆಯ ಹೆಸರಿನವರು. ಆಲ್ಬೆರಿಕೋನ ಪಾಳೆಯದಲ್ಲಿ ಹುಟ್ಟಿದ ಹೆಸರು ಡ್ಯೂಕನ ಪದವಿಯನ್ನು ಕಳಚಿ, ಹಾಜರಿ ಪುಸ್ತಕದ ಅಂಕಣದಲ್ಲಿ ಬರೆಯುವ ಅಡ್ಡಹೆಸರಾಗಿ ಉಳಿದಿದೆ.